ಇಬ್ಬರು ಹೋದರು, ಒಂದೇ ಫೋಟೊ ಉಳಿಯಿತು

ಪ್ರಶ್ನೆ: ಮೂರು ವರ್ಷಗಳ ಹಿಂದೆ ನನ್ನ ಅಕ್ಕ ಮತ್ತು ಅವಳ ಮಗಳು ಒಂದೇ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅಕ್ಕನಿಗೆ ಆಗ 36 ವರ್ಷ, ಮಗುವಿಗೆ 9. ನಮ್ಮ ಮನೆಗೆ ಬರುವ ದಾರಿಯಲ್ಲಿ ಅದು ನಡೆಯಿತು. ಬರಲು ಹೇಳಿದ್ದು ನಾನೇ. ಭಾವ ಮತ್ತು ಅಕ್ಕನ ಚಿಕ್ಕ ಮಗ ಆ ದಿನ ಮನೆಯಲ್ಲೇ ಉಳಿದಿದ್ದರು. ಅವನಿಗೆ ಆಗ 4 ವರ್ಷ, ಈಗ 7. ‘ಅಮ್ಮ ಅಕ್ಕನನ್ನು ಮಾತ್ರ ಯಾಕೆ ಕರೆದುಕೊಂಡು ಹೋದಳು?’ ಎಂದು ಮೊನ್ನೆ ನನ್ನನ್ನು ಕೇಳಿದ. ಸಿಕ್ಕವರೆಲ್ಲ ‘ಭಾವ ಹೇಗಿದ್ದಾರೆ, ಅಮ್ಮ ಸುಧಾರಿಸಿಕೊಂಡರಾ’ ಎಂದು ನನ್ನ ಹತ್ತಿರ ವಿಚಾರಿಸುತ್ತಾರೆ. ಮನೆಯ ಗೋಡೆಯ ಮೇಲೆ ತಾಯಿ ಮಗಳು ಒಟ್ಟಿಗಿರುವ ಒಂದು ಫೋಟೊ ಇದೆ. ಈಚೆಗೆ ಕಣ್ಣು ಮುಚ್ಚಿದರೆ ಆ ಫೋಟೊ ಬಿಟ್ಟು ಬೇರೆ ಮುಖವೇ ಬರುವುದಿಲ್ಲ. ಮಗು ಹೇಗೆ ನಗುತ್ತಿತ್ತು ಎಂಬುದೇ ಮರೆತುಹೋಗುತ್ತಿದೆಯೇನೋ ಎಂದು ಹೆದರಿಕೆಯಾಗುತ್ತದೆ. ಅಕ್ಕ ಕಳಿಸಿದ ಕೊನೆಯ ಧ್ವನಿ ಸಂದೇಶ ನನ್ನ ಹಳೆಯ ಮೊಬೈಲಿನಲ್ಲಿದೆ, 11 ಸೆಕೆಂಡಿನದು. ಆ ದಿನದ ನಂತರ ಒಮ್ಮೆಯೂ ಕೇಳಲು ಆಗಿಲ್ಲ. ಮುಂದಿನ ವರ್ಷ ನಾನು ಅಕ್ಕನಿಗಿಂತ ದೊಡ್ಡವಳಾಗುತ್ತೇನೆ. ಇವರಿಬ್ಬರನ್ನು ಹೇಗೆ ನೆನೆಯಬೇಕು? ‘ಮರೆತು ಮುಂದೆ ಹೋಗು’ ಎನ್ನುವವರಿಗೆ ಏನು ಹೇಳಬೇಕು?

ಉತ್ತರ: ನಿಮ್ಮ ಪತ್ರವನ್ನು ಎರಡನೆಯ ಸಲ ಓದುವಾಗ ನನ್ನ ಕಣ್ಣು ಒಂದು ಪದದಲ್ಲಿ ಸಿಕ್ಕಿಕೊಂಡಿತು: ‘ಇವರಿಬ್ಬರು’. ಒಟ್ಟಿಗೆ ಹೋದವರ ಬಗ್ಗೆ ಬಹಳಷ್ಟು ಮನೆಗಳಲ್ಲಿ ಮಾತು ಹೀಗೇ ಆಗಿಬಿಡುತ್ತದೆ. ಸುದ್ದಿ ಬಂದಾಗಲೇ ‘ತಾಯಿ ಮಗಳು’ ಎಂದು ಒಂದೇ ಉಸಿರಿನಲ್ಲಿ ಬಂದಿರುತ್ತದೆ. ಆಮೇಲೆ ಅದೇ ಅವರ ಹೆಸರಾಗುತ್ತದೆ. ನಿಮ್ಮ ಪತ್ರದಲ್ಲಿಯೂ ಅವರ ಹೆಸರುಗಳಿಲ್ಲ. ಗುರುತು ಸಿಗದಿರಲಿ ಎಂದು ಬಿಟ್ಟಿರಬಹುದು, ಅದು ಸರಿಯೇ. ಆದರೆ ಒಂದು ಕೇಳುತ್ತೇನೆ: ಈ ತಿಂಗಳಲ್ಲಿ ಆ ಮಗುವಿನ ಹೆಸರನ್ನು ನೀವು ಬಾಯಿಬಿಟ್ಟು ಎಷ್ಟು ಸಲ ಹೇಳಿದ್ದೀರಿ?

ನನಗೆ ಹೇಳಬೇಕಾಗಿರುವುದು ಮುಖ್ಯವಾಗಿ ಒಂದೇ ಮಾತು. ಒಟ್ಟಿಗೆ ಹೋದವರನ್ನು ಬಿಡಿಬಿಡಿಯಾಗಿ ನೆನೆಯಿರಿ. ಅವರು ಜೋಡಿಯಾಗಿ ಸತ್ತರು ಎಂಬುದು ಒಂದು ದಿನದ ಸಂಗತಿ. ಜೋಡಿಯಾಗಿಯೇ ಬದುಕಿರಲಿಲ್ಲ. ನಿಮ್ಮ ಅಕ್ಕ ತಾಯಿಯಾಗುವ ಮೊದಲು 27 ವರ್ಷ ಬದುಕಿದ್ದಳು. ಅದರಲ್ಲಿ ಹೆಚ್ಚಿನ ಭಾಗಕ್ಕೆ ಸಾಕ್ಷಿ ನೀವು. ಭಾವನಿಗೆ ಗೊತ್ತಿರುವುದು ಮದುವೆಯಾದ ಮೇಲಿನ ಅಕ್ಕ. ನಿಮಗೆ ಗೊತ್ತಿರುವುದು ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕ ಮುಚ್ಚಿಟ್ಟು ಮಲಗಿದ ಅಕ್ಕ, ನಿಮ್ಮ ಅಂಗಿಯನ್ನು ಹೇಳದೆ ಹಾಕಿಕೊಂಡು ಹೋದ ಅಕ್ಕ. (ಊಹಿಸಿ ಬರೆಯುತ್ತಿದ್ದೇನೆ. ನಿಮ್ಮ ಅಕ್ಕ ಬೇರೆ ಏನೋ ಮಾಡಿರುತ್ತಾಳೆ, ಆದರೆ ಏನಾದರೂ ಮಾಡಿಯೇ ಇರುತ್ತಾಳೆ.) ಹಾಗೆಯೇ ಆ ಮಗುವಿಗೂ 9 ವರ್ಷಗಳಲ್ಲಿ ತಾಯಿಗೆ ಗೊತ್ತಿಲ್ಲದ ಒಂದು ಪುಟ್ಟ ಬದುಕು ಇತ್ತು: ಶಾಲೆಯ ಬೆಂಚು, ಜಗಳವಾಡಿ ಮಾತು ಬಿಟ್ಟ ಗೆಳತಿ, ಚಿಕ್ಕಮ್ಮನಿಗೆ ಮಾತ್ರ ಹೇಳಿದ ಗುಟ್ಟು.

ಫೋಟೊ ಬಿಟ್ಟು ಬೇರೆ ಮುಖ ಬರುವುದಿಲ್ಲ ಎಂದಿರಿ. ಇದು ನಿಮ್ಮ ಪ್ರೀತಿ ಕಡಿಮೆಯಾದ ಲಕ್ಷಣ ಅಲ್ಲವೇ ಅಲ್ಲ. ನೆನಪು ಕೆಲಸ ಮಾಡುವ ರೀತಿಯೇ ಹಾಗೆ. 1994ರಲ್ಲಿ ಮೈಕೆಲ್ ಆ್ಯಂಡರ್ಸನ್, ರಾಬರ್ಟ್ ಬ್ಯೋರ್ಕ್ ಮತ್ತು ಎಲಿಜಬೆತ್ ಬ್ಯೋರ್ಕ್ ಎಂಬ ಮನೋವಿಜ್ಞಾನಿಗಳು ಒಂದು ವಿಚಿತ್ರವನ್ನು ತೋರಿಸಿದರು. ಒಂದು ಗುಂಪಿಗೆ ಸೇರಿದ ಹಲವು ಸಂಗತಿಗಳಲ್ಲಿ ಕೆಲವನ್ನಷ್ಟೇ ಮತ್ತೆ ಮತ್ತೆ ನೆನಪಿಸಿಕೊಂಡರೆ, ಅದೇ ಗುಂಪಿನ ಉಳಿದವು ಸುಮ್ಮನೆ ಬಿಟ್ಟಿದ್ದಕ್ಕಿಂತಲೂ ಹೆಚ್ಚು ಮಸುಕಾಗುತ್ತವೆ. ಅವರು ಪ್ರಯೋಗ ಮಾಡಿದ್ದು ಪದಗಳ ಪಟ್ಟಿಯ ಮೇಲೆ, ಸತ್ತವರ ಮುಖದ ಮೇಲಲ್ಲ. ಆದರೂ ದಿನಕ್ಕೆ ಹತ್ತು ಸಲ ಒಂದೇ ಫೋಟೊದ ಮುಂದೆ ಹಾದುಹೋಗುವವರು ಹೇಳುವುದು ಅದನ್ನೇ: ಆ ಒಂದು ನಗು ಉಳಿದ ನಗುಗಳನ್ನೆಲ್ಲ ಹಿಂದಕ್ಕೆ ತಳ್ಳುತ್ತದೆ. ಹಿಂದಕ್ಕೆ ಹೋಗಿದೆ ಎಂದೆ, ಅಳಿಸಿಹೋಗಿದೆ ಎನ್ನಲಿಲ್ಲ. ಸರಿಯಾದ ಎಳೆ ಸಿಕ್ಕರೆ ಹಿಂದಿದ್ದದ್ದು ಮುಂದಕ್ಕೆ ಬರುತ್ತದೆ.

ಆ ಎಳೆ ಸಾಮಾನ್ಯವಾಗಿ ದೊಡ್ಡ ಪ್ರಶ್ನೆಯಲ್ಲಿ ಇರುವುದಿಲ್ಲ. ಕೆಲವು ವರ್ಷಗಳ ಹಿಂದೆ ಹೆಂಡತಿಯನ್ನೂ ಮಗಳನ್ನೂ ಕಳೆದುಕೊಂಡ ಒಬ್ಬರು ನನ್ನ ಬಳಿ ಆಪ್ತಸಲಹೆಗೆ ಬರುತ್ತಿದ್ದರು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಹೇಳುತ್ತಿದ್ದೇನೆ. ‘ಅವರ ಬಗ್ಗೆ ಹೇಳಿ’ ಎಂದರೆ ಅವರು ‘ತುಂಬಾ ಒಳ್ಳೆಯವರು’ ಎಂದು ಹೇಳಿ ನಿಲ್ಲಿಸುತ್ತಿದ್ದರು. ಮೂರು ಭೇಟಿಗಳು ಹೀಗೇ ಕಳೆದವು. ನಾಲ್ಕನೆಯ ಸಲ, ಬೇರೇನೂ ತೋಚದೆ, ‘ನೀವು ಕೆಲಸದಿಂದ ಬಂದು ಕರೆಗಂಟೆ ಒತ್ತಿದರೆ ಬಾಗಿಲು ತೆಗೆಯುತ್ತಿದ್ದವರು ಯಾರು?’ ಎಂದು ಕೇಳಿದೆ. ಅವರು ಬಹಳ ಹೊತ್ತು ನೆಲ ನೋಡಿದರು. ಆಮೇಲೆ ಹೇಳಿದರು: ಮೊದಲು ಓಡಿಬರುವ ಕಾಲಿನ ಸದ್ದು, ಅದರ ಹಿಂದೆಯೇ ಒಳಗಿನಿಂದ ‘ಯಾರೆಂದು ಕೇಳದೆ ತೆಗೆಯಬೇಡ’ ಎಂಬ ಕೂಗು, ಅಷ್ಟರಲ್ಲಿ ಚಿಲಕ ತೆಗೆದಾಗಿರುತ್ತಿತ್ತು. ಚಿಲಕ ಕೈಗೆ ಎಟುಕದ ವಯಸ್ಸಿನಲ್ಲಿ ಮಗಳು ಒಂದು ಸ್ಟೂಲನ್ನು ಎಳೆದುಕೊಂಡು ಬರುತ್ತಿದ್ದಳಂತೆ. ಸ್ಟೂಲಿನ ಕಾಲಿನಿಂದ ನೆಲದ ಮೇಲೆ ಬಿದ್ದ ಗೀರು ಬಾಗಿಲ ಹತ್ತಿರ ಈಗಲೂ ಇದೆ ಎಂದರು. ಒಂದೂವರೆ ವರ್ಷದಿಂದ ಅದರ ಮೇಲೆಯೇ ನಡೆದಾಡಿದ್ದರು. ಆ ದಿನ ಮೊದಲ ಬಾರಿಗೆ ಅವರು ಹೆಂಡತಿಯ ಬಗ್ಗೆ ಒಂದು ವಾಕ್ಯ, ಮಗಳ ಬಗ್ಗೆ ಇನ್ನೊಂದು ವಾಕ್ಯ ಹೇಳಿದರು.

ಆದ್ದರಿಂದ ಎರಡು ನೋಟ್‌ಬುಕ್ ತೆಗೆದುಕೊಳ್ಳಿ. ಎರಡು, ಒಂದಲ್ಲ. ಒಂದರಲ್ಲಿ ಅಕ್ಕ, ಇನ್ನೊಂದರಲ್ಲಿ ಮಗು. ಗುಣವಾಚಕಗಳನ್ನು ಬರೆಯಬೇಡಿ. ‘ಪ್ರೀತಿಯವಳು’, ‘ಚೂಟಿ’ ಎಂಬ ಪದಗಳು ಯಾರಿಗೆ ಬೇಕಾದರೂ ಹೊಂದುತ್ತವೆ. ಅವಳು ಚಪ್ಪಲಿಯನ್ನು ಎಲ್ಲಿ ಬಿಡುತ್ತಿದ್ದಳು, ಫೋನಿನಲ್ಲಿ ಮಾತು ಮುಗಿಸುವಾಗ ಕೊನೆಗೆ ಏನು ಹೇಳುತ್ತಿದ್ದಳು, ಯಾವ ಪದವನ್ನು ಮಗು ತಪ್ಪಾಗಿ ಉಚ್ಚರಿಸುತ್ತಿತ್ತು, ಸುಳ್ಳು ಹೇಳುವಾಗ ಯಾವ ಕಡೆ ನೋಡುತ್ತಿತ್ತು, ಇಂಥವನ್ನು ಬರೆಯಿರಿ. ಒಂದು ಸಲಕ್ಕೆ ನಾಲ್ಕು ಸಾಲು ಸಾಕು. ಮಗುವಿನ ಪುಟದಲ್ಲಿ ಅಕ್ಕ ಬಂದರೆ ಬರಲಿ, ತಡೆಯಬೇಡಿ. ಆದರೆ ವಾಕ್ಯದ ಕರ್ತೃ ಮಗುವೇ ಆಗಿರಲಿ.

ಅಕ್ಕನೊಂದಿಗಿನ ಜಗಳಗಳನ್ನೂ ಬರೆಯಿರಿ. ಇದನ್ನು ಹೇಳಿದರೆ ಹಲವರು ಬೆಚ್ಚುತ್ತಾರೆ. ಅಕಾಲದಲ್ಲಿ ಹೋದವರ ದೋಷಗಳನ್ನೆಲ್ಲ ನಾವು ತೊಳೆದುಬಿಡುತ್ತೇವೆ, ಅವರು ಮನುಷ್ಯರಾಗಿದ್ದರು ಎಂಬ ಗುರುತೂ ಆ ನೀರಿನಲ್ಲೇ ಹೋಗುತ್ತದೆ. ನಿಮ್ಮ ಅಕ್ಕ ನಿಮಗೆ ಸಿಟ್ಟು ಬರಿಸುತ್ತಿದ್ದ ರೀತಿ ಜಗತ್ತಿನಲ್ಲಿ ಅವಳೊಬ್ಬಳಿಗೇ ಬರುತ್ತಿತ್ತು. ಅದನ್ನು ಬಿಟ್ಟರೆ ಉಳಿಯುವುದು ಯಾರೋ ಒಬ್ಬ ಒಳ್ಳೆಯ ಹೆಂಗಸು.

ಗೋಡೆಯ ಫೋಟೊ ತೆಗೆಯಬೇಕಾಗಿಲ್ಲ. ಅದರ ಪಕ್ಕದಲ್ಲಿ ಬೇರೆ ಬೇರೆ ಎರಡು ಫೋಟೊ ಬರಲಿ: ಮಗುವಿಲ್ಲದ ಅಕ್ಕ, ತಾಯಿಯಿಲ್ಲದ ಮಗು. ಕೆಲವು ತಿಂಗಳಿಗೊಮ್ಮೆ ಬದಲಿಸಿ. ನೋಡಿದಾಗ ಕ್ಯಾಮೆರಾಕ್ಕೆ ನಿಂತಂತೆ ಕಾಣದ, ಸ್ವಲ್ಪ ಅಲುಗಾಡಿದ, ಕಣ್ಣು ಅರ್ಧ ಮುಚ್ಚಿದ ಚಿತ್ರಗಳೇ ಈ ಕೆಲಸಕ್ಕೆ ಉತ್ತಮ. ನೇರ ಬಿಸಿಲು ಬೀಳುವ ಗೋಡೆಯಾದರೆ ಮೂಲ ಪ್ರತಿಯನ್ನು ಕತ್ತಲೆಯಲ್ಲಿಟ್ಟು ನಕಲನ್ನು ತೂಗುಹಾಕಿ. ಬಣ್ಣದ ಮುದ್ರಣ ಬೆಳಕಿಗೆ ಮಾಸುತ್ತದೆ. ಮಗು ಸ್ಕೆಚ್ ಪೆನ್ನಿನಲ್ಲಿ ಬರೆದ ಚಿತ್ರಗಳಿದ್ದರೆ ಅವು ಇನ್ನೂ ಬೇಗ ಮಾಸುತ್ತವೆ, ಈಗಲೇ ಸ್ಕ್ಯಾನ್ ಮಾಡಿಸಿ.

ಬಟ್ಟೆಯ ವಿಷಯವನ್ನು ನೀವು ಕೇಳಿಲ್ಲ, ನಾನೇ ಹೇಳುತ್ತೇನೆ. ಎಲ್ಲವನ್ನೂ ಇಟ್ಟುಕೊಳ್ಳಬೇಕಾಗಿಲ್ಲ, ಎಲ್ಲವನ್ನೂ ಕೊಟ್ಟುಬಿಡಬೇಕೆಂದೂ ಇಲ್ಲ. ಒಬ್ಬೊಬ್ಬರದು ಒಂದೊಂದನ್ನು ಒಗೆಯದೆ ಇಟ್ಟುಕೊಳ್ಳಿ. ವಾಸನೆಯ ಸಂಕೇತ ಮೂಗಿನಿಂದ ಮಿದುಳಿನ ಭಾವನೆಯ ಮತ್ತು ನೆನಪಿನ ಭಾಗಗಳಿಗೆ ಬಹಳ ಹತ್ತಿರದ ದಾರಿಯಲ್ಲಿ ಹೋಗುತ್ತದೆ. ನೋಟಕ್ಕೂ ಸದ್ದಿಗೂ ಆ ಅಡ್ಡದಾರಿ ಇಲ್ಲ. ಮಡಿಸಿಟ್ಟ ಒಂದು ಅಂಗಿ ನಿಮ್ಮನ್ನು ಒಂದೇ ಕ್ಷಣದಲ್ಲಿ ನೆಲಕ್ಕೆ ಕೂರಿಸಬಲ್ಲದು. ಆದ್ದರಿಂದ ಕಚೇರಿಗೆ ಹೊರಡುವ ಗಡಿಬಿಡಿಯಲ್ಲಿ ಆ ಬೀರು ತೆರೆಯಬೇಡಿ.

ಇನ್ನು ‘ಮರೆತು ಮುಂದೆ ಹೋಗು’ ಎನ್ನುವವರು. ಈ ಸಲಹೆಗೆ ಒಂದು ಕಾಲದಲ್ಲಿ ಶಾಸ್ತ್ರದ ಬೆಂಬಲವೂ ಇತ್ತು. 1917ರಲ್ಲಿ ಮನೋವಿಶ್ಲೇಷಕ ಸಿಗ್ಮಂಡ್ ಫ್ರಾಯ್ಡ್, ಶೋಕದ ಕೆಲಸವೆಂದರೆ ಹೋದವರಿಗೆ ಅಂಟಿಕೊಂಡ ಮನಸ್ಸನ್ನು ಎಳೆಎಳೆಯಾಗಿ ಬಿಡಿಸಿಕೊಳ್ಳುವುದು ಎಂಬರ್ಥದಲ್ಲಿ ಬರೆದರು. ಮೂರೇ ವರ್ಷಗಳಲ್ಲಿ, 1920ರಲ್ಲಿ, ಅವರ ಮಗಳು ಸೋಫಿ 26ನೆಯ ವಯಸ್ಸಿನಲ್ಲಿ ಇನ್‌ಫ್ಲುಯೆಂಜಾದಿಂದ ತೀರಿಕೊಂಡಳು. 1923ರಲ್ಲಿ ಸೋಫಿಯ ಪುಟ್ಟ ಮಗ, ನಾಲ್ಕು ವರ್ಷದ ಹೈನೆಲೆ, ಕ್ಷಯದಿಂದ ಹೋದ. ತಾಯಿಯೂ ಹೋದಳು, ಮಗುವೂ ಹೋಯಿತು. 1929ರ ಏಪ್ರಿಲ್‌ನಲ್ಲಿ ಮಗನನ್ನು ಕಳೆದುಕೊಂಡ ಗೆಳೆಯ ಲುಡ್ವಿಗ್ ಬಿನ್ಸ್‌ವಾಂಗರ್‌ಗೆ ಬರೆದ ಪತ್ರದಲ್ಲಿ ಫ್ರಾಯ್ಡ್, ಇವತ್ತು ನನ್ನ ಮಗಳಿಗೆ 36 ತುಂಬುತ್ತಿತ್ತು ಎಂದು ನೆನೆಯುತ್ತಾರೆ. ಶೋಕದ ತೀವ್ರತೆ ತಗ್ಗುತ್ತದೆ, ಆದರೆ ಸಮಾಧಾನ ಎಂಬುದು ಸಿಗುವುದಿಲ್ಲ, ಆ ಜಾಗಕ್ಕೆ ಬೇರೆ ಏನು ಬಂದರೂ ಅದು ಬೇರೆಯದೇ ಆಗಿರುತ್ತದೆ, ಹಾಗಿರುವುದೇ ಸರಿ ಎಂಬುದು ಆ ಪತ್ರದ ಭಾವ. ಬಿಡಿಸಿಕೊಳ್ಳಬೇಕು ಎಂದು ಬರೆದಿದ್ದ ಮನುಷ್ಯ ಒಂಬತ್ತು ವರ್ಷಗಳ ನಂತರವೂ ಮಗಳ ವಯಸ್ಸನ್ನು ಎಣಿಸುತ್ತಿದ್ದರು.

36 ಎಂಬ ಸಂಖ್ಯೆ ನಿಮ್ಮ ಪತ್ರದಲ್ಲೂ ಇತ್ತು. ಓದುವಾಗ ನನಗೆ ಫ್ರಾಯ್ಡ್ ಬರೆದ ಪತ್ರ ನೆನಪಾದದ್ದು ಅದರಿಂದಲೇ.

ಅಧ್ಯಯನಕಾರರು ಇದನ್ನು ಒಪ್ಪಿಕೊಳ್ಳಲು ಬಹಳ ತಡಮಾಡಿದರು. 1996ರಲ್ಲಿ ಡೆನಿಸ್ ಕ್ಲಾಸ್, ಫಿಲಿಸ್ ಸಿಲ್ವರ್‌ಮನ್ ಮತ್ತು ಸ್ಟೀವನ್ ನಿಕ್‌ಮನ್, ಹೋದವರೊಂದಿಗಿನ ನಂಟು ಮುಂದುವರಿಯುವುದು ಕಾಯಿಲೆಯಲ್ಲ, ಅದು ಸಹಜ ಎಂಬ ವಾದವನ್ನು ಮುಂದಿಟ್ಟ ಮೇಲೆ ಈ ಕ್ಷೇತ್ರದ ಮಾತು ಬದಲಾಯಿತು. ನಿರಾಕರಣೆ, ಕೋಪ, ಚೌಕಾಸಿ, ಖಿನ್ನತೆ, ಒಪ್ಪಿಗೆ ಎಂಬ ‘ಐದು ಹಂತ’ಗಳ ಬಗ್ಗೆಯೂ ನೀವು ಎಲ್ಲಾದರೂ ಓದಿರುತ್ತೀರಿ. ಎಲಿಜಬೆತ್ ಕ್ಯೂಬ್ಲರ್ ರಾಸ್ 1969ರಲ್ಲಿ ಅದನ್ನು ಹೇಳಿದ್ದು ಸಾವಿನ ಅಂಚಿನಲ್ಲಿದ್ದ ರೋಗಿಗಳ ಜೊತೆ ಮಾತನಾಡಿ. ಉಳಿದವರ ದುಃಖ ಐದು ಮೆಟ್ಟಿಲು ಇಳಿದು ಮುಗಿಯುತ್ತದೆ ಎಂದಲ್ಲ. ಯಾವ ಹಂತದಲ್ಲಿದ್ದೇನೆ ಎಂದು ಹುಡುಕಿಕೊಂಡು ಕೂರಬೇಡಿ.

ಸಲಹೆ ಕೊಡುವವರಿಗೆ ಉತ್ತರವಾಗಿ ಏನನ್ನೂ ಹೇಳಬೇಕಾಗಿಲ್ಲ. ಅವರಲ್ಲಿ ಬಹಳ ಮಂದಿ ನಿಮ್ಮ ಮುಖ ನೋಡಲಾರದೆ ಆ ಮಾತು ಆಡುತ್ತಾರೆ. ಮಾತು ಬದಲಿಸಿ, ಸಾಕು. ತೀರ ಹತ್ತಿರದವರಾದರೆ, ‘ಅವಳ ಬಗ್ಗೆ ನಿಮಗೆ ನೆನಪಿರುವ ಒಂದು ವಿಷಯ ಹೇಳಿ’ ಎಂದು ಕೇಳಿ. ಸಲಹೆ ಕೊಡಲು ಬಂದವರ ಹತ್ತಿರ ಒಂದು ಒಳ್ಳೆಯ ನೆನಪು ಸಿಕ್ಕಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಹಾಗೆಂದು ದಿನವಿಡೀ ನೆನೆಯುತ್ತಲೇ ಇರಬೇಕು ಎಂದೂ ಅಲ್ಲ. ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶೂಟ್ 1999ರಲ್ಲಿ ವಿವರಿಸಿದ ಒಂದು ಮಾದರಿ ನನಗೆ ದಿನನಿತ್ಯದ ಕೆಲಸದಲ್ಲಿ ಹೆಚ್ಚು ಉಪಯೋಗಕ್ಕೆ ಬಂದಿದೆ. ಶೋಕದಲ್ಲಿರುವವರು ಎರಡು ದಡಗಳ ನಡುವೆ ತೂಗಾಡುತ್ತಾರೆ: ಒಂದು ಕಡೆ ಹೋದವರ ಹಂಬಲ, ಇನ್ನೊಂದು ಕಡೆ ಕಟ್ಟಬೇಕಾದ ಕರೆಂಟ್ ಬಿಲ್ಲು, ಕಲಿಯಬೇಕಾದ ಹೊಸ ಕೆಲಸ, ಬಂದುಬಿಡುವ ನಗು. ಆ ತೂಗಾಟವೇ ಆರೋಗ್ಯ. ಇಡೀ ಭಾನುವಾರ ಅವರ ನೆನಪೇ ಬರಲಿಲ್ಲವಲ್ಲ ಎಂದು ರಾತ್ರಿ ಹಾಸಿಗೆಯಲ್ಲಿ ಅಪರಾಧಿಯಂತೆ ಎದ್ದು ಕೂರುವವರಿದ್ದಾರೆ. ನೀವೂ ಕೂತಿರಬಹುದು. ಅದು ಮರೆವಲ್ಲ, ಇನ್ನೊಂದು ದಡಕ್ಕೆ ಹೋಗಿ ಬಂದದ್ದು, ಅಷ್ಟೇ. ನಿಮ್ಮಂತೆ ಎರಡು ಸಾವುಗಳನ್ನು ಒಟ್ಟಿಗೆ ಹೊತ್ತವರಿಗೆ ಇದು ಇನ್ನಷ್ಟು ಬೇಕು. ಒಂದು ನಷ್ಟವನ್ನು ಅರಗಿಸಿಕೊಳ್ಳುವ ಮೊದಲೇ ಇನ್ನೊಂದು ಬಂದು ಬೀಳುವ ಸ್ಥಿತಿಯನ್ನು ರಾಬರ್ಟ್ ಕಾಸ್ಟನ್‌ಬಾಮ್ 1969ರಷ್ಟು ಹಿಂದೆಯೇ ‘ಶೋಕದ ಅತಿಭಾರ’ ಎಂಬರ್ಥದ ಹೆಸರಿನಿಂದ ಗುರುತಿಸಿದ್ದರು. ಆ ಹೊರೆಯ ಅಡಿಯಲ್ಲಿ ಮನಸ್ಸು ಒಮ್ಮೆಗೆ ಒಬ್ಬರಿಗಾಗಿಯೇ ಅಳುತ್ತದೆ. ಮೊದಲ ವರ್ಷವೆಲ್ಲ ಮಗುವಿಗಾಗಿ ಅತ್ತು, ಅಕ್ಕನಿಗಾಗಿ ಒಂದು ಹನಿಯೂ ಬರಲಿಲ್ಲ ಎನ್ನುವವರುಂಟು, ತಿರುಗುಮುರುಗಾಗಿಯೂ ಆಗುತ್ತದೆ. ಇನ್ನೊಬ್ಬರ ಸರದಿ ಎರಡನೆಯ ವರ್ಷದಲ್ಲೋ ಮೂರನೆಯ ವರ್ಷದಲ್ಲೋ ಬರುತ್ತದೆ. ಆಗ ಸುತ್ತಲಿನವರಿಗೆ ‘ಈಗೇಕೆ ಮತ್ತೆ ಶುರುವಾಯಿತು’ ಎನಿಸುತ್ತದೆ. ಮತ್ತೆ ಶುರುವಾದದ್ದಲ್ಲ, ಅದು ಈಗಲೇ ಶುರುವಾಗಿರುವುದು.

ಭಾವ ಹೇಗಿದ್ದಾರೆ, ಅಮ್ಮ ಹೇಗಿದ್ದಾರೆ ಎಂದು ಜನ ನಿಮ್ಮನ್ನು ಕೇಳುತ್ತಾರೆ ಎಂದಿರಿ. ಆ ಸಾಲಿನ ಕೆಳಗೆ ನೀವು ಬರೆಯದೆ ಬಿಟ್ಟದ್ದು ನನಗೆ ಕೇಳಿಸಿತು. ಕೆನೆತ್ ಡೋಕಾ 1989ರಲ್ಲಿ ಇಂಥದ್ದಕ್ಕೆ ಒಂದು ಹೆಸರು ಕೊಟ್ಟರು; ಕನ್ನಡದಲ್ಲಿ ‘ಮನ್ನಣೆ ಸಿಗದ ಶೋಕ’ ಎನ್ನಬಹುದು. ಗಂಡನಿಗೆ, ತಾಯಿಗೆ, ಮಕ್ಕಳಿಗೆ ದುಃಖದಲ್ಲಿ ಮೊದಲ ಸಾಲು ಮೀಸಲು. ತಂಗಿಗೆ ಸಿಗುವುದು ಸುದ್ದಿ ಮುಟ್ಟಿಸುವ ಕೆಲಸ, ಆಸ್ಪತ್ರೆಯ ಕಾಗದಕ್ಕೆ ಸಹಿ ಹಾಕುವ ಕೆಲಸ, ಅಮ್ಮನ ಮಾತ್ರೆ ನೋಡಿಕೊಳ್ಳುವ ಕೆಲಸ. ಚಿಕ್ಕಮ್ಮನಿಗಂತೂ ಕುರ್ಚಿಯೇ ಇಲ್ಲ. ಆದರೆ ನಿಮ್ಮ ಬಾಲ್ಯಕ್ಕೆ ಇದ್ದ ಇನ್ನೊಬ್ಬ ಸಾಕ್ಷಿ ನಿಮ್ಮ ಅಕ್ಕ. ಅಪ್ಪನ ಕೋಪ, ಅಮ್ಮನ ಹಟ, ಹಳೆಯ ಮನೆಯ ಸೋರುವ ಮೂಲೆ, ಇವೆಲ್ಲ ‘ನಿನಗೆ ನೆನಪಿದೆಯಾ’ ಎಂದು ಕೇಳಬಹುದಾಗಿದ್ದ ಒಬ್ಬಳೇ ವ್ಯಕ್ತಿ. ಯಾರಾದರೂ ಭಾವನ ಬಗ್ಗೆ ಕೇಳಿದಾಗ, ಉತ್ತರ ಕೊಟ್ಟ ಮೇಲೆ ‘ನನಗೂ ಕಷ್ಟವಾಗುತ್ತಿದೆ’ ಎಂದು ಒಂದೇ ವಾಕ್ಯ ಸೇರಿಸಿ ನೋಡಿ. ಕೆಲವರು ಗಾಬರಿಯಾಗುತ್ತಾರೆ. ಕೆಲವರು ಪಕ್ಕದಲ್ಲಿ ಕೂರುತ್ತಾರೆ.

‘ಬರಲು ಹೇಳಿದ್ದು ನಾನೇ.’ ಇಡೀ ಪತ್ರದಲ್ಲಿ ಅತ್ಯಂತ ಚಿಕ್ಕ ವಾಕ್ಯ ಇದು. ಅತ್ಯಂತ ಭಾರದ್ದೂ ಇದೇ ಇರಬೇಕು. ‘ನಿನ್ನ ತಪ್ಪಿಲ್ಲ’ ಎಂದು ಸಾವಿರ ಜನ ಹೇಳಿರುತ್ತಾರೆ, ಅದರಿಂದ ಏನೂ ಆಗಿರುವುದಿಲ್ಲ. ನಾನು ಬೇರೆ ದಾರಿಯಲ್ಲಿ ಬರುತ್ತೇನೆ. ಬರುಕ್ ಫಿಶಾಫ್ ಎಂಬ ಮನೋವಿಜ್ಞಾನಿ 1975ರಲ್ಲಿ ಪ್ರಕಟಿಸಿದ ಪ್ರಯೋಗಗಳ ತಿರುಳು ಇದು: ಒಂದು ಘಟನೆಯ ಫಲಿತಾಂಶ ಗೊತ್ತಾದ ಮೇಲೆ, ಅದು ಮೊದಲೇ ಕಾಣುವಂತಿತ್ತು ಎಂದು ಜನರಿಗೆ ಅನಿಸತೊಡಗುತ್ತದೆ. ಫಲಿತಾಂಶ ಗೊತ್ತಿಲ್ಲದ ಸ್ಥಿತಿಯಲ್ಲಿ ತಾವು ಹೇಗೆ ಯೋಚಿಸುತ್ತಿದ್ದೆವು ಎಂಬುದನ್ನು ಮತ್ತೆ ಹಿಡಿಯಲು ಅವರಿಗೆ ಸಾಧ್ಯವೇ ಆಗುವುದಿಲ್ಲ. ನಿಮ್ಮೊಳಗೆ ನಡೆಯುತ್ತಿರುವ ವಿಚಾರಣೆಯಲ್ಲಿ ಆ ದಿನ ಬೆಳಿಗ್ಗೆ ಫೋನ್ ಹಿಡಿದಿದ್ದ ನಿಮ್ಮನ್ನು ಕಟಕಟೆಯಲ್ಲಿ ನಿಲ್ಲಿಸಿದ್ದೀರಿ. ತೀರ್ಪು ಕೊಡುತ್ತಿರುವವರು ಸಂಜೆ ಏನಾಯಿತೆಂದು ಗೊತ್ತಿರುವ ನೀವು. ಆ ಬೆಳಗಿನವಳಿಗೆ ಗೊತ್ತಿದ್ದದ್ದು ಇಷ್ಟೇ: ಅಕ್ಕನನ್ನು ನೋಡಬೇಕು, ಮಗುವನ್ನು ನೋಡಬೇಕು. ನಿಮ್ಮ ಕರೆ ಘಟನೆಗಳ ಸರಪಳಿಯ ಒಂದು ಕೊಂಡಿ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಕಾರಣ ಬೇರೆ, ತಪ್ಪು ಬೇರೆ. ಎರಡಕ್ಕೂ ಕನ್ನಡದಲ್ಲಿ ಬೇರೆ ಬೇರೆ ಪದಗಳಿವೆ, ಬಳಸೋಣ. ಒಂದು ಹಾಳೆಯಲ್ಲಿ ಆ ಬೆಳಿಗ್ಗೆ ನಿಮಗೆ ಗೊತ್ತಿದ್ದ ಸಂಗತಿಗಳನ್ನು ಮಾತ್ರ ಬರೆಯಿರಿ. ಗೊತ್ತಿಲ್ಲದ ಒಂದೇ ಒಂದು ಸಂಗತಿ ನುಸುಳಿದರೂ ಹೊಡೆದುಹಾಕಿ. ಹಾಳೆ ಎಷ್ಟು ಚಿಕ್ಕದಾಗುತ್ತದೆ ನೋಡಿ.

ಈಗ ಆ ಹುಡುಗ. ಇಲ್ಲಿ ಮಾತ್ರ ಸ್ವಲ್ಪ ಅವಸರಪಡಿ ಎಂದು ಹೇಳುತ್ತೇನೆ. ಮಿಕ್ಕ ಯಾವುದಕ್ಕೂ ಅವಸರವಿಲ್ಲ.

‘ಅಮ್ಮ ಅಕ್ಕನನ್ನು ಮಾತ್ರ ಯಾಕೆ ಕರೆದುಕೊಂಡು ಹೋದಳು’ ಎಂಬ ಪ್ರಶ್ನೆಯಲ್ಲಿ ಅವನು ನಿಜವಾಗಿ ಕೇಳುತ್ತಿರುವುದು ತನ್ನನ್ನು ಯಾಕೆ ಬಿಟ್ಟುಹೋದಳು ಎಂದು. ಯಾರೋ ಅವನಿಗೆ ‘ಅಮ್ಮ ಅಕ್ಕನನ್ನು ಕರೆದುಕೊಂಡು ಹೋದಳು’ ಎಂದು ಮೆತ್ತಗೆ ಹೇಳಿದ್ದಾರೆ, ಒಳ್ಳೆಯ ಮನಸ್ಸಿನಿಂದಲೇ. ಮಕ್ಕಳು ಮಾತನ್ನು ಮಾತಾಗಿಯೇ ತೆಗೆದುಕೊಳ್ಳುತ್ತಾರೆ. ಕರೆದುಕೊಂಡು ಹೋಗುವುದೆಂದರೆ ಆರಿಸಿಕೊಳ್ಳುವುದು, ಆರಿಸಿಕೊಂಡಳು ಎಂದರೆ ನನ್ನನ್ನು ಬೇಡವೆಂದಳು. ತಾನು ಆ ದಿನ ಹಟ ಮಾಡಿದ್ದಕ್ಕೇ ಹೀಗಾಯಿತೇ ಎಂಬ ಲೆಕ್ಕಾಚಾರವೂ ಆ ವಯಸ್ಸಿನಲ್ಲಿ ಒಳಗೊಳಗೇ ನಡೆಯುತ್ತಿರುತ್ತದೆ. ಸುಮಾರು 5ರಿಂದ 7 ವರ್ಷದ ಹೊತ್ತಿಗೆ ಹೆಚ್ಚಿನ ಮಕ್ಕಳಿಗೆ ಸತ್ತವರು ಮರಳುವುದಿಲ್ಲ, ಸತ್ತ ದೇಹಕ್ಕೆ ಹಸಿವು ನೋವು ಇರುವುದಿಲ್ಲ, ಎಲ್ಲರೂ ಒಂದು ದಿನ ಸಾಯುತ್ತಾರೆ ಎಂಬುದು ತಿಳಿಯತೊಡಗುತ್ತದೆ. ಹಾಗಾಗಿ ನೇರವಾಗಿ ಹೇಳಿ: ‘ಅಮ್ಮ ಯಾರನ್ನೂ ಕರೆದುಕೊಂಡು ಹೋಗಲಿಲ್ಲ. ಅಮ್ಮನೂ ಅಕ್ಕನೂ ಒಂದೇ ಗಾಡಿಯಲ್ಲಿದ್ದರು. ಅಪಘಾತವಾಯಿತು. ಇಬ್ಬರ ದೇಹಕ್ಕೂ ತುಂಬಾ ಪೆಟ್ಟಾಯಿತು, ಸತ್ತುಹೋದರು. ನೀನು ಮನೆಯಲ್ಲಿದ್ದೆ. ನೀನು ಏನು ಮಾಡಿದ್ದರಿಂದಲೂ ಹಾಗಾಗಲಿಲ್ಲ. ಅಮ್ಮ ಸಂಜೆ ನಿನ್ನ ಹತ್ತಿರ ವಾಪಸ್ ಬರುವವಳಿದ್ದಳು.’ ಕೊನೆಯ ವಾಕ್ಯವನ್ನು ಮರೆಯಬೇಡಿ. ಮೊದಲು ಭಾವನ ಜೊತೆ ಕೂತು ಮಾತಾಡಿಕೊಳ್ಳಿ. ಇದನ್ನು ಅವರೇ ಹೇಳಿದರೆ ಇನ್ನೂ ಒಳ್ಳೆಯದು, ಆಗದಿದ್ದರೆ ನೀವು ಹೇಳಿ. ‘ನಿದ್ದೆ ಹೋದರು’, ‘ದೂರ ಹೋದರು’ ಎಂಬುವೆಲ್ಲ ಬೇಡ. ನಿದ್ದೆಗೂ ಪ್ರಯಾಣಕ್ಕೂ ಹೆದರುವ ಮಕ್ಕಳನ್ನು ನಾನು ಕಂಡಿದ್ದೇನೆ.

ಅವಸರ ಯಾಕೆಂದರೆ, ಅವನ ನೆನಪುಗಳು ಈಗ ಅಂಚಿನಲ್ಲಿವೆ. ಪೆಟ್ರೀಷಿಯಾ ಬಾವರ್ ಮತ್ತು ಮರೀನಾ ಲಾರ್ಕಿನಾ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಕ್ಕಳು 3 ವರ್ಷದವರಿದ್ದಾಗ ತಾಯಂದಿರ ಜೊತೆ ಮಾತಾಡಿದ್ದ ಘಟನೆಗಳನ್ನು ಮುಂದೆ ಬೇರೆ ಬೇರೆ ವಯಸ್ಸಿನಲ್ಲಿ ಕೇಳಲಾಯಿತು. 5ರಿಂದ 7 ವರ್ಷದವರು ಶೇ 60ಕ್ಕೂ ಹೆಚ್ಚು ಘಟನೆಗಳನ್ನು ನೆನಪಿಟ್ಟಿದ್ದರು. 8 ಮತ್ತು 9 ವರ್ಷದವರಲ್ಲಿ ಅದು ಶೇ 40ಕ್ಕಿಂತ ಕೆಳಗೆ ಬಿದ್ದಿತ್ತು. ನಿಮ್ಮ ಹುಡುಗನಿಗೆ 7. ಅವನಿಗೆ ಇನ್ನೂ ಏನೋ ನೆನಪಿದೆ, ಯಾರೂ ಕೇಳುತ್ತಿಲ್ಲ, ಅಷ್ಟೇ. ಅತ್ತುಬಿಟ್ಟಾನು ಎಂದು ಮನೆಯವರೆಲ್ಲ ಆ ಮಾತನ್ನೇ ಎತ್ತುತ್ತಿಲ್ಲ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ: ಸ್ನಾನ ಮಾಡಿಸುವಾಗ ಅಮ್ಮ ಏನು ಹಾಡುತ್ತಿದ್ದಳು? ಅಕ್ಕ ನಿನ್ನನ್ನು ಏನೆಂದು ಕರೆದು ರೇಗಿಸುತ್ತಿದ್ದಳು? ಅವನು ಹೇಳಿದ್ದನ್ನು ತಿದ್ದದೆ ಅವನ ಮಾತಿನಲ್ಲೇ ಬರೆದಿಡಿ, ತಾರೀಖು ಹಾಕಿ. ಆಮೇಲೆ ನಿಮಗೆ ಗೊತ್ತಿರುವುದನ್ನು ಸೇರಿಸಿ ಹೇಳಿ. ದೊಡ್ಡವರು ಹೀಗೆ ಕೂಡಿ ಮಾತಾಡಿದಾಗಲೇ ಮಕ್ಕಳ ನೆನಪು ಗಟ್ಟಿಯಾಗುತ್ತದೆ. ತಾನು ನೆನಪಿಟ್ಟದ್ದು ಯಾವುದು, ಚಿಕ್ಕಮ್ಮ ಹೇಳಿದ್ದು ಯಾವುದು ಎಂದು ಅವನು ದೊಡ್ಡವನಾದ ಮೇಲೆ ಕೇಳಿದರೆ ತೋರಿಸಲು ಆ ಹಾಳೆ ಇರುತ್ತದೆ.

ಇಲ್ಲಿಯೂ ಅದೇ ಮಾತು: ಅವನು ಕಳೆದುಕೊಂಡದ್ದು ತಾಯಿಯನ್ನು ಮಾತ್ರವಲ್ಲ. ಅವನಿಗೆ ಒಬ್ಬ ಅಕ್ಕ ಇದ್ದಳು. ತಾಯಿ ಇಲ್ಲದ ಮಗು ಎಂದು ಲೋಕ ಅವನಿಗೆ ಮರುಗುತ್ತದೆ, ಅಕ್ಕ ಇಲ್ಲದ ತಮ್ಮ ಎಂದು ಯಾರೂ ಮರುಗುವುದಿಲ್ಲ. ಅವನ ಮನೆಯಲ್ಲಿ ಅದನ್ನು ಬಲ್ಲವರು ನೀವೊಬ್ಬರೇ. ನಿಮ್ಮದೂ ಅದೇ ನಷ್ಟ.

ಅಕ್ಕನಿಗಿಂತ ದೊಡ್ಡವಳಾಗುವ ದಿನದ ಬಗ್ಗೆ. ಆ ದಿನದ ಹಿಂದುಮುಂದಿನ ವಾರಗಳು ನಿಮ್ಮನ್ನು ಅಲ್ಲಾಡಿಸಬಹುದು, ಕಾರಣವೇ ಹೊಳೆಯದಂತೆ. ಆದ್ದರಿಂದ ಲೆಕ್ಕ ಹಾಕಿ ಇಟ್ಟುಕೊಳ್ಳಿ: ಅವಳು ಬದುಕಿದ್ದು ಎಷ್ಟು ವರ್ಷ, ಎಷ್ಟು ತಿಂಗಳು, ಎಷ್ಟು ದಿನ, ನಿಮಗೆ ಅಷ್ಟೇ ಆಗುವ ತಾರೀಖು ಯಾವುದು. ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಆ ದಿನ ರಜೆ ಹಾಕಿ, ಒಬ್ಬರಿಗೆ ಮೊದಲೇ ತಿಳಿಸಿಡಿ. ಮಗುವಿನ ಲೆಕ್ಕ ಇದಕ್ಕೆ ತಿರುಗುಮುರುಗು. ಅಕ್ಕ 36ರಲ್ಲೇ ನಿಂತಿದ್ದಾಳೆ. ಮಗು ಮಾತ್ರ ನಮ್ಮ ಮನಸ್ಸಿನಲ್ಲಿ ವರ್ಷ ವರ್ಷ ಬೆಳೆಯುತ್ತದೆ. ಈಗ 12 ಆಗಿರುತ್ತಿತ್ತು, ಅದರ ವಾರಿಗೆಯ ಹುಡುಗಿಯರು ಎತ್ತರವಾಗಿ ಬೀದಿಯಲ್ಲಿ ಹೋಗುತ್ತಿರುತ್ತಾರೆ. ಅವರನ್ನು ನೋಡಿ ಎದೆ ಧಸಕ್ಕೆಂದರೆ ಅದರಲ್ಲಿ ವಿಚಿತ್ರವೇನೂ ಇಲ್ಲ. ತಾಯಿಯ ಸಾವಿನಲ್ಲಿ ನಾವು ಕಳೆದುಕೊಳ್ಳುವುದು ಹೆಚ್ಚಾಗಿ ಇದ್ದದ್ದನ್ನು, ಮಗುವಿನ ಸಾವಿನಲ್ಲಿ ಹೆಚ್ಚಾಗಿ ಇನ್ನೂ ಆಗದೇ ಇದ್ದದ್ದನ್ನು. ಎರಡನ್ನೂ ಒಂದೇ ಕಣ್ಣೀರಿನಲ್ಲಿ ಮುಗಿಸಲಾಗುವುದಿಲ್ಲ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಕೆಲವೊಮ್ಮೆ ಅಕ್ಕ ಪಕ್ಕದಲ್ಲೇ ಇದ್ದಂತೆ, ಕರೆದಂತೆ ಅನಿಸಿದರೆ ಹೆದರಬೇಡಿ. 1971ರಲ್ಲಿ ಡೆವಿ ರೀಸ್ ಎಂಬ ವೈದ್ಯರು ವೇಲ್ಸ್‌ನಲ್ಲಿ ಸಂಗಾತಿಯನ್ನು ಕಳೆದುಕೊಂಡ 293 ಜನರನ್ನು ವಿಚಾರಿಸಿದಾಗ, ಹತ್ತಿರ ಹತ್ತಿರ ಅರ್ಧದಷ್ಟು ಜನ ಅಂಥ ಅನುಭವ ತಮಗಾಗಿದೆ ಎಂದರು. ಹೆಚ್ಚಿನವರು ಅದನ್ನು ಯಾರಿಗೂ ಹೇಳಿರಲಿಲ್ಲ.

ವೃತ್ತಿಪರರ ಸಹಾಯ ಯಾವಾಗ ಬೇಕು? ದಿನದ ಬಹುಪಾಲು ಹಂಬಲವೊಂದೇ ತುಂಬಿಕೊಂಡು, ಕೆಲಸ, ಊಟ, ಸಂಬಂಧಗಳು ಕೈಬಿಟ್ಟುಹೋಗಿ, ಅದು ತಿಂಗಳುಗಟ್ಟಲೆ ಸಡಿಲವಾಗದೆ ಉಳಿದರೆ ಅದಕ್ಕೆ ಈಗ ‘ದೀರ್ಘಕಾಲದ ಶೋಕದ ತೊಂದರೆ’ ಎಂಬ ಗುರುತಿಸಿದ ಹೆಸರಿದೆ. 2022ರ ಜನವರಿಯಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣ ಕನಿಷ್ಠ ಆರು ತಿಂಗಳ ಅವಧಿಯನ್ನು ಹೇಳುತ್ತದೆ, ಅದೇ ವರ್ಷ ಬಂದ ಅಮೆರಿಕದ ಮನೋವೈದ್ಯರ ಕೈಪಿಡಿ ವಯಸ್ಕರಿಗೆ ಹನ್ನೆರಡು ತಿಂಗಳನ್ನು. ಅದಕ್ಕೆಂದೇ ರೂಪಿಸಿದ ಚಿಕಿತ್ಸೆಗಳಿವೆ, ಫಲವೂ ಇದೆ. ನಿಮ್ಮ ಪತ್ರದಿಂದ ನೀವು ಆ ಸ್ಥಿತಿಯಲ್ಲಿದ್ದೀರಿ ಎಂದು ನನಗೆ ಅನಿಸಲಿಲ್ಲ, ಆದರೆ ಪತ್ರ ಓದಿ ರೋಗ ಹೇಳುವವನು ನಾನಲ್ಲ. ಅಪರಾಧ ಭಾವ ‘ನಾನೂ ಹೋಗಬೇಕಿತ್ತು’ ಎಂಬ ಕಡೆಗೆ ವಾಲುತ್ತಿದ್ದರೆ ಮಾತ್ರ ಕಾಯಬೇಡಿ. ಅವತ್ತೇ ಒಬ್ಬರಿಗೆ ಹೇಳಿ, ಅವತ್ತೇ ವೈದ್ಯರನ್ನು ಕಾಣಿ.

ಉಳಿದದ್ದು ಆ 11 ಸೆಕೆಂಡು. ಕೇಳಿ ಎಂದೂ ಹೇಳುವುದಿಲ್ಲ, ಬೇಡವೆಂದೂ ಹೇಳುವುದಿಲ್ಲ. ನನಗೆ ಆತಂಕವಿರುವುದು ಮೊಬೈಲಿನ ಬಗ್ಗೆ. ವರ್ಷಗಟ್ಟಲೆ ಚಾರ್ಜ್ ಮಾಡದೆ ಇಟ್ಟ ಬ್ಯಾಟರಿ ಸತ್ತುಹೋಗುತ್ತದೆ, ಕೆಲವೊಮ್ಮೆ ಉಬ್ಬಿ ಫೋನನ್ನೇ ಕೆಡಿಸುತ್ತದೆ. ವಾಟ್ಸಾಪ್ ಖಾತೆ ಸಾಮಾನ್ಯವಾಗಿ 120 ದಿನ ಬಳಕೆಯಾಗದಿದ್ದರೆ ಅಳಿಸಲ್ಪಡುತ್ತದೆ. ಸಂದೇಶಗಳು ಫೋನಿನಲ್ಲಿ ಉಳಿದಿರಬಹುದು, ಆದರೆ ಆ್ಯಪ್ ತೆಗೆದುಹಾಕಿದರೆ ಅವೂ ಹೋಗುತ್ತವೆ. ಅಕ್ಕನ ಗೂಗಲ್ ಖಾತೆಯಲ್ಲಿ ಫೋಟೊಗಳಿದ್ದರೆ ಅದನ್ನೂ ಭಾವನ ಜೊತೆ ಕೂತು ನೋಡಿ. ಎರಡು ವರ್ಷ ಯಾರೂ ತೆರೆಯದ ಖಾತೆಗಳನ್ನು ಅಳಿಸುವ ನಿಯಮ 2023ರ ಕೊನೆಯಿಂದ ಜಾರಿಯಲ್ಲಿದೆ. ನೀವು ಆ ಹಳೆಯ ಫೋನನ್ನು ನಂಬಿಕೆಯ ಒಬ್ಬ ಗೆಳತಿಯ ಕೈಗೆ ಕೊಡಿ. ನೀವು ಬೇರೆ ಕೋಣೆಯಲ್ಲಿರಿ. ಧ್ವನಿ ತಗ್ಗಿಸಿ, ಕಡತವನ್ನು ಎರಡು ಕಡೆ ನಕಲು ಮಾಡಿ, ತೆರೆದುಕೊಳ್ಳುತ್ತದೆಯೇ ಎಂದು ಇಯರ್‌ಫೋನ್ ಹಾಕಿಕೊಂಡು ಅವಳೇ ಪರೀಕ್ಷಿಸಲಿ. ಒಂದು ಪ್ರತಿಯ ಮೇಲೆ ಅಕ್ಕನ ಹೆಸರನ್ನು, ಹೆಸರನ್ನೇ, ಬರೆದಿಡಿ. ಹಿನ್ನೆಲೆಯಲ್ಲಿ ಮಗುವಿನ ಸದ್ದೇನಾದರೂ ಇದೆಯೇ ಎಂದು ಗೆಳತಿಯನ್ನು ಕೇಳಬೇಕೋ ಬೇಡವೋ, ಅದು ನಿಮಗೆ ಬಿಟ್ಟದ್ದು.